ಅಡುಗೆಮನೆಗೆ ಕಳಿಸಿದ ಭಾಷೆ

ಒಂದು ಶನಿವಾರ ಬೆಳಿಗ್ಗೆ ಹುಡುಗನೊಬ್ಬ ಅಡುಗೆಮನೆಗೆ ಬರುತ್ತಾನೆ. ಅಪ್ಪ ಅಮ್ಮ ಏನೋ ಮಾತಾಡುತ್ತಿದ್ದಾರೆ. ಇವನನ್ನು ಕಂಡದ್ದೇ ಇಬ್ಬರ ದನಿಯೂ ಬದಲಾಗುತ್ತದೆ, ಮಾತು ಇಂಗ್ಲಿಷಿಗೆ ಹೊರಳುತ್ತದೆ. ಅಲ್ಲಿಯವರೆಗೆ ಅವರು ಆಡುತ್ತಿದ್ದದ್ದು ಸ್ಪ್ಯಾನಿಷ್ ಎಂಬುದು ಹುಡುಗನ ಗಮನಕ್ಕೆ ಬರುವುದೇ ಆಗ. ಮನೆಮಾತು ಇರುವುದೇ ಹಾಗೆ. ಕರೆಂಟು ಹೋದಾಗ ಫ್ಯಾನಿನ ಸದ್ದು ಇಷ್ಟು ಹೊತ್ತು ಇತ್ತು ಎಂದು ಗೊತ್ತಾಗುವಂತೆ, ನಿಂತ ಮೇಲೆಯೇ ಅದು ಇತ್ತೆಂದು ತಿಳಿಯುತ್ತದೆ. ಅಪ್ಪ ಅಮ್ಮನ ಬಾಯಿಂದ ಬಂದ ಆ ಪರಕೀಯ ಸದ್ದು ಹುಡುಗನನ್ನು ದೂರ ತಳ್ಳುತ್ತದೆ.

ಇದು ರಿಚರ್ಡ್ ರೋಡ್ರಿಗೆಸ್ ಅವರ ಆತ್ಮಕಥನ 'ಹಂಗರ್ ಆಫ್ ಮೆಮೊರಿ'ಯ ಮೊದಲ ಅಧ್ಯಾಯದಲ್ಲಿ ಬರುವ ಪ್ರಸಂಗ. ಪುಸ್ತಕ ಹೊರಬಂದದ್ದು 1982ರಲ್ಲಿ. ರೋಡ್ರಿಗೆಸ್ ಹುಟ್ಟಿದ್ದು 1944ರಲ್ಲಿ, ಮೆಕ್ಸಿಕೋದಿಂದ ವಲಸೆ ಬಂದ ತಂದೆತಾಯಿಗೆ. ಬೆಳೆದದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಊರಿನಲ್ಲಿ. ಕ್ಯಾಥೊಲಿಕ್ ಶಾಲೆಗೆ ಸೇರಿದಾಗ ಅವರಿಗೆ ಗೊತ್ತಿದ್ದದ್ದು ಐವತ್ತರಷ್ಟು ಬಿಡಿ ಇಂಗ್ಲಿಷ್ ಪದಗಳು. ಹುಡುಗ ತರಗತಿಯಲ್ಲಿ ಬಾಯಿ ಬಿಡುವುದಿಲ್ಲವೆಂದು ಶಾಲೆಯ ಸನ್ಯಾಸಿನಿಯರು ಮನೆಗೇ ಬಂದು, ಮಕ್ಕಳೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ ಎಂದು ತಂದೆತಾಯಿಯನ್ನು ಕೇಳಿಕೊಳ್ಳುತ್ತಾರೆ. ಅವರು ಕೂಡಲೇ ಒಪ್ಪುತ್ತಾರೆ. ಹುಡುಗ ಇಂಗ್ಲಿಷ್ ಕಲಿತ, ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಬರ್ಕ್ಲಿಗಳಲ್ಲಿ ಓದಿದ, ಇಂಗ್ಲಿಷ್ ರೆನೆಸಾನ್ಸ್ ಸಾಹಿತ್ಯದ ವಿದ್ವಾಂಸನಾಗುವ ದಾರಿ ಹಿಡಿದ. ತಾನು ಕಳಕೊಂಡದ್ದು ದೊಡ್ಡದು, ಆದರೆ ಕಳಕೊಳ್ಳಲೇಬೇಕಾಗಿತ್ತು ಎಂಬುದು ಪುಸ್ತಕದ ವಾದ. ಆ ವಾದದ ಬಲದಿಂದ ಅವರು ಶಾಲೆಗಳಲ್ಲಿ ದ್ವಿಭಾಷಾ ಶಿಕ್ಷಣವನ್ನು ವಿರೋಧಿಸಿದರು. ಮೆಕ್ಸಿಕನ್ ಮೂಲದ ಅಮೆರಿಕನ್ ಲೇಖಕರಲ್ಲಿ, ಅಂದರೆ ಚಿಕಾನೊ ಎಂದು ತಮ್ಮನ್ನು ಕರೆದುಕೊಳ್ಳುವವರಲ್ಲಿ, ಹಲವರು ಅವರನ್ನು ದ್ರೋಹಿಯೆಂದೇ ಕಂಡರು.

ದ್ರೋಹಿಯೆಂದು ಕರೆದು ಪಕ್ಕಕ್ಕಿಟ್ಟರೆ ನಷ್ಟ ಓದುಗರಿಗೇ. ಎರಡು ಭಾಷೆಯ ನಡುವೆ ಬೆಳೆಯುವ ಮಗುವಿನ ಕಿವಿಯನ್ನು ಇಷ್ಟು ಸೂಕ್ಷ್ಮವಾಗಿ ಬರೆದವರು ಕಡಿಮೆ. ಮಕ್ಕಳ ಇಂಗ್ಲಿಷ್ ಬೆಳೆದಂತೆಲ್ಲ ಮನೆ ಸದ್ದು ಕಳಕೊಳ್ಳುತ್ತದೆ. ಹಂಚಿಕೊಳ್ಳಲು ಪದಗಳೇ ಉಳಿಯುವುದಿಲ್ಲ. ಅಮ್ಮ ಹೇಗೋ ಇಂಗ್ಲಿಷ್ ಕಲಿಯುತ್ತಾಳೆ. ಅಪ್ಪ ಮೌನಿಯಾಗುತ್ತಾನೆ. ಅಪ್ಪನದು ಸಂಕೋಚದ ಸ್ವಭಾವ ಎಂದು ಮನೆಯವರು ಹೇಳುತ್ತಾರೆ, ಆದರೆ ಬಂಧುಗಳ ಜೊತೆ ಅದೇ ಅಪ್ಪ ಸ್ಪ್ಯಾನಿಷಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡಾಗ ಮಗನಿಗೆ ಅರ್ಥವಾಗುತ್ತದೆ: ಅಪ್ಪ ಸಂಕೋಚದವನಲ್ಲ, ಇಂಗ್ಲಿಷಿನಲ್ಲಿ ಮಾತ್ರ ಸಂಕೋಚದವನು. ಈ ಒಂದು ಗಮನಿಕೆಗಾಗಿಯೇ ಆ ಅಧ್ಯಾಯವನ್ನು ಭಾಷೆಯ ಬಗ್ಗೆ ಕೆಲಸ ಮಾಡುವವರು ಓದಬೇಕು. ನಾವು ಒಬ್ಬರ ಸ್ವಭಾವ ಎಂದು ಹೆಸರಿಡುವುದು ಎಷ್ಟೋ ಸಲ ಆ ಮನುಷ್ಯನನ್ನು ಯಾವ ಭಾಷೆಯಲ್ಲಿ ಭೇಟಿಯಾದೆವು ಎಂಬುದರ ಫಲ.

ರೋಡ್ರಿಗೆಸ್ ಅವರ ಸಾಕ್ಷ್ಯ ಅವರ ವಾದಕ್ಕಿಂತ ಗಟ್ಟಿ. ವಾದ ಹೀಗಿದೆ: ಪ್ರತಿ ಮಗುವಿಗೂ ಒಂದು ಖಾಸಗಿ ಲೋಕ, ಒಂದು ಸಾರ್ವಜನಿಕ ಲೋಕ. ತನಗೆ ಸ್ಪ್ಯಾನಿಷ್ ಖಾಸಗಿ, ಇಂಗ್ಲಿಷ್ ಸಾರ್ವಜನಿಕ. ಶಾಲೆ ಇರುವುದು ಮಗುವನ್ನು ಸಾರ್ವಜನಿಕ ವ್ಯಕ್ತಿಯಾಗಿಸಲು. ಆದ್ದರಿಂದ ಶಾಲೆಯೊಳಗೆ ಮನೆಯ ಭಾಷೆ ತಂದರೆ ಮಗು ಎಂದಿಗೂ ಹೊರಗೆ ಬರುವುದಿಲ್ಲ. ಇದಕ್ಕೆ ಪೂರಕವಾಗಿ ಒಂದು ಪ್ರಸಂಗ ಹೇಳುತ್ತಾರೆ. ಅಜ್ಜಿ ಕಿಟಕಿಯಿಂದ ಮೊಮ್ಮಗನಿಗೆ ಏನೋ ಕೂಗಿ ಹೇಳುತ್ತಾಳೆ. ಜೊತೆಗಿದ್ದ ಇಂಗ್ಲಿಷ್ ಗೆಳೆಯ ಏನಂದಳು ಎಂದು ಕೇಳುತ್ತಾನೆ. ಅನುವಾದಿಸಲು ಇವನಿಗೆ ಬರುತ್ತದೆ, ಆದರೆ ಅನುವಾದಿಸಿದರೆ ಆ ಮಾತು ಕೆಡುತ್ತದೆ, ಯಾಕೆಂದರೆ ಅದು ತನಗೊಬ್ಬನಿಗೇ ಹೇಳಿದ್ದು. ಆಪ್ತತೆ ಇರುವುದು ಪದಗಳಲ್ಲಿ ಅಲ್ಲ, ಆಡುವವರ ನಡುವೆ ಎಂದು ರೋಡ್ರಿಗೆಸ್ ಇದರಿಂದ ನಿರ್ಣಯಿಸುತ್ತಾರೆ. ಇದು ಸರಿಯಾದ ಮಾತು. ಆದರೆ ಇದೇ ಮಾತು ಅವರ ವಾದವನ್ನು ಒಳಗಿಂದ ಕೊರೆಯುತ್ತದೆ. ಆಪ್ತತೆ ಸ್ಪ್ಯಾನಿಷಿನ ಗುಣವಲ್ಲ, ಅಜ್ಜಿಯ ಗುಣ ಎಂದಾದರೆ, ಸ್ಪ್ಯಾನಿಷ್ ಖಾಸಗಿ ಭಾಷೆ ಎಂಬ ವರ್ಗೀಕರಣ ನಿಲ್ಲುವುದು ಹೇಗೆ?

ಕನ್ನಡದಲ್ಲಿ ಓದುವ ನಮಗೆ ಈ ಬಿರುಕು ಬೇಗ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಎ. ಕೆ. ರಾಮಾನುಜನ್ ತಮ್ಮ ಮೈಸೂರಿನ ಮನೆಯ ಬಗ್ಗೆ ಹೇಳಿಕೊಂಡದ್ದು ಇಲ್ಲಿನ ಸಾಹಿತ್ಯ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ: ಕೆಳಗೆ ಅಮ್ಮನ ಜೊತೆ ತಮಿಳು, ಮಹಡಿಯಲ್ಲಿ ಅಪ್ಪನ ಜೊತೆ ಇಂಗ್ಲಿಷ್, ಬೀದಿಗಿಳಿದರೆ ಕನ್ನಡ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಮೈಸೂರಿನ ಒಂದು ಮನೆಯಲ್ಲಿ ಅಡುಗೆಮನೆಯ ಭಾಷೆಯಾದ ತಮಿಳು ಒಂದು ರಾತ್ರಿಯ ಪ್ರಯಾಣದಾಚೆ ಶಾಸನಸಭೆಯ, ಪತ್ರಿಕೆಯ, ನ್ಯಾಯವಾದದ ಭಾಷೆ. ಭಾಷೆಗೆ ತನ್ನಷ್ಟಕ್ಕೇ ಖಾಸಗಿತನ ಇಲ್ಲ. ಯಾವುದೋ ಊರಿನಲ್ಲಿ, ಯಾವುದೋ ಕಾಲದಲ್ಲಿ, ಯಾರೋ ಅದನ್ನು ಮನೆಯೊಳಗೆ ಕಳಿಸಿರುತ್ತಾರೆ. ಹಾಗಾದರೆ ಸ್ಯಾಕ್ರಮೆಂಟೊದಲ್ಲಿ ಸ್ಪ್ಯಾನಿಷನ್ನು ಒಳಗೆ ಕಳಿಸಿದವರು ಯಾರು?

ಇದಕ್ಕೆ ಉತ್ತರ ದಾಖಲೆಯಲ್ಲೇ ಇದೆ. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದೊಂದಿಗೆ ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ಯುದ್ಧ ಮುಗಿಯಿತು, ಕ್ಯಾಲಿಫೋರ್ನಿಯಾ ಸೇರಿದಂತೆ ಅಪಾರ ಭೂಭಾಗ ಅಮೆರಿಕದ ಪಾಲಾಯಿತು. ಅಲ್ಲಿದ್ದ ಸ್ಪ್ಯಾನಿಷ್ ಮಾತಿನ ಜನ ಎಲ್ಲಿಗೂ ವಲಸೆ ಹೋಗಲಿಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು. ಮರುವರ್ಷ, 1849ರಲ್ಲಿ, ಮಾಂಟೆರೆ ಪಟ್ಟಣದಲ್ಲಿ ಸೇರಿದ ಪ್ರತಿನಿಧಿಗಳು ಕ್ಯಾಲಿಫೋರ್ನಿಯಾದ ಮೊದಲ ಸಂವಿಧಾನ ಬರೆದರು. ರಾಜ್ಯದ ಎಲ್ಲ ಕಾನೂನುಗಳೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟವಾಗಬೇಕು ಎಂದು ಅದರಲ್ಲಿ ಬರೆದಿತ್ತು. ಮೂವತ್ತು ವರ್ಷದ ನಂತರ, 1879ರ ಹೊಸ ಸಂವಿಧಾನದಲ್ಲಿ ಆ ವಿಧಿ ಇಲ್ಲ. ಅದರ ಬದಲು ಸರಕಾರಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ಮಾತ್ರ ನಡೆಯಬೇಕು ಎಂಬ ವಿಧಿ ಬಂದಿದೆ. ಆ ಎರಡನೆಯ ಸಂವಿಧಾನ ಸಭೆ ಸೇರಿದ್ದು ಸ್ಯಾಕ್ರಮೆಂಟೊದಲ್ಲಿ, ಮುಂದೆ ರೋಡ್ರಿಗೆಸ್ ಬೆಳೆದ ಊರಿನಲ್ಲೇ.

ಪುಸ್ತಕದ ಹುಡುಗನಿಗೆ ಇದು ಗೊತ್ತಿರಬೇಕಿಲ್ಲ. ಆದರೆ ಬರೆಯುತ್ತಿರುವ ಮೂವತ್ತೇಳರ ವಿದ್ವಾಂಸ ಈ ಇತಿಹಾಸವನ್ನು ಪುಸ್ತಕದೊಳಗೆ ಬಿಡುವುದಿಲ್ಲ. ಒಂದು ರಾಜಕೀಯ ನಿರ್ಣಯದ ಫಲವನ್ನು ಅವರು ಬಾಲ್ಯದ ಸಹಜ ಸ್ಥಿತಿಯೆಂಬಂತೆ ಬರೆಯುತ್ತಾರೆ. ತೋಮಾಸ್ ರಿವೇರಾ ಇದನ್ನು ಆಗಲೇ ಹಿಡಿದಿದ್ದರು. ಟೆಕ್ಸಸ್ಸಿನ ವಲಸೆ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಚಾನ್ಸಲರ್ ಆದವರು ಅವರು. ರೋಡ್ರಿಗೆಸ್ ಪುಸ್ತಕದ ಬಗ್ಗೆ ಬರೆದ ಪ್ರಬಂಧದಲ್ಲಿ ಅವರ ಮುಖ್ಯ ಆಕ್ಷೇಪ, ಮಾನವಿಕ ವಿದ್ಯೆ ಎಂಬುದೆಲ್ಲ ಇಂಗ್ಲಿಷಿನ ಕಡೆಯೇ ಇದೆ ಎಂದು ಈ ಲೇಖಕ ನಂಬಿರುವ ಬಗ್ಗೆ. ಸ್ಪ್ಯಾನಿಷಿನಲ್ಲಿ 'ಇರು' ಎನ್ನಲು ಸೆರ್ ಮತ್ತು ಎಸ್ತಾರ್ ಎಂಬ ಎರಡು ಕ್ರಿಯಾಪದಗಳಿವೆ. ಒಂದು ಒಳಗಿನ ಇರವು, ಇನ್ನೊಂದು ಹೊರಗಿನ ಸ್ಥಿತಿ. ರಿವೇರಾ ಇವನ್ನೇ ವಿಮರ್ಶೆಯ ಉಪಕರಣ ಮಾಡಿಕೊಂಡರು. ಒಳಗು ಹೊರಗು ಎಂಬ ಭೇದವನ್ನು ಯೋಚಿಸಲು ಬೇಕಾದ ಪರಿಭಾಷೆ ರೋಡ್ರಿಗೆಸ್ ಬಿಟ್ಟುಬಂದ ಭಾಷೆಯಲ್ಲೇ ಇತ್ತು ಎಂದು ತೋರಿಸುವ ಜಾಣತನ ಅದು.

ರಿವೇರಾ ಅವರ 1971ರ ಕಾದಂಬರಿ '...ಇ ನೊ ಸೆ ಲೊ ತ್ರಾಗೊ ಲಾ ತಿಯೆರ್ರಾ' ಅಂದರೆ 'ಮತ್ತು ಭೂಮಿ ಅವನನ್ನು ನುಂಗಲಿಲ್ಲ', ಸ್ಪ್ಯಾನಿಷಿನಲ್ಲೇ ಬರೆದದ್ದು. ಅದರಲ್ಲೊಂದು ಭಾಗವಿದೆ. ಬೆಳೆ ಕೊಯ್ಲಿಗೆ ಉತ್ತರದ ಕಡೆ ಹೋದ ಕುಟುಂಬದ ಹುಡುಗನನ್ನು ಶಾಲೆಯಲ್ಲಿ ಹೇನಿಗಾಗಿ ತಪಾಸಣೆ ಮಾಡುತ್ತಾರೆ, ಜಗಳ ಆಗುತ್ತದೆ, ಅವನನ್ನು ಹೊರಹಾಕುತ್ತಾರೆ. ಮನೆಗೆ ನಡೆದು ಬರುತ್ತ ಹುಡುಗ ಅಪ್ಪನಿಗೆ ಏನು ಹೇಳುವುದೆಂದು ತಲೆಕೆಡಿಸಿಕೊಳ್ಳುತ್ತಾನೆ. ಮಗ ಟೆಲಿಫೋನ್ ಆಪರೇಟರ್ ಆಗಬೇಕೆಂಬುದು ಅಪ್ಪನ ಕನಸು. ಒಂದು ಸಿನಿಮಾದಲ್ಲಿ ನೋಡಿ ಹುಟ್ಟಿದ ಕನಸದು. ಎಷ್ಟು ಸಣ್ಣ ಕನಸು ಎಂದುಕೊಳ್ಳುವಷ್ಟರಲ್ಲೇ ಅದರ ದೊಡ್ಡತನ ಗೊತ್ತಾಗುತ್ತದೆ: ದಿನವಿಡೀ ಬಿಸಿಲಲ್ಲಿ ಬಗ್ಗಿ ಕೆಲಸ ಮಾಡುವ ಮನುಷ್ಯನಿಗೆ, ಕೂತಲ್ಲಿ ಕೂತು ಮಾತಿನಿಂದಲೇ ಅನ್ನ ದುಡಿಯುವ ಕೆಲಸ. ಶಾಲೆಯ ಅವಮಾನವನ್ನು ಇಲ್ಲಿ ನಿರೂಪಿಸುತ್ತಿರುವುದು ಸ್ಪ್ಯಾನಿಷ್. ಅದು ಅಡುಗೆಮನೆ ಬಿಟ್ಟು ರಸ್ತೆಗೆ ಬಂದಿದೆ, ಶಾಲೆಯ ಕಡೆ ತಿರುಗಿ ನೋಡುತ್ತಿದೆ.

ಗ್ಲೋರಿಯಾ ಅನ್ಸಾಲ್ದುವಾ ಬರುವುದು ಇನ್ನೊಂದು ದಿಕ್ಕಿನಿಂದ. ಅವರು 1942ರಲ್ಲಿ ದಕ್ಷಿಣ ಟೆಕ್ಸಸ್ಸಿನ ರಿಯೊ ಗ್ರಾಂದೆ ಕಣಿವೆಯಲ್ಲಿ ಹುಟ್ಟಿದವರು, ಗಡಿಯ ಮಗ್ಗುಲಲ್ಲೇ ಬೆಳೆದವರು. 1987ರ 'ಬಾರ್ಡರ್‌ಲ್ಯಾಂಡ್ಸ್/ಲಾ ಫ್ರೊಂತೇರಾ' ಪುಸ್ತಕದಲ್ಲಿ ಕಾಡು ನಾಲಗೆಯನ್ನು ಪಳಗಿಸುವುದು ಹೇಗೆ ಎಂಬರ್ಥದ ಶೀರ್ಷಿಕೆಯ ಅಧ್ಯಾಯವಿದೆ. ದಂತವೈದ್ಯರ ಕುರ್ಚಿಯಲ್ಲಿ ಶುರುವಾಗುವ ಅಧ್ಯಾಯ. ವೈದ್ಯ ಇಟ್ಟ ಹತ್ತಿಯನ್ನು ನಾಲಗೆ ಹೊರಗೆ ತಳ್ಳುತ್ತಲೇ ಇರುತ್ತದೆ. ಸ್ಪ್ಯಾನಿಷಿನ ಲೆಂಗ್ವಾ ಎಂಬ ಪದಕ್ಕೆ ನಾಲಗೆ ಎಂದೂ ಭಾಷೆ ಎಂದೂ ಅರ್ಥ, ಹಾಗಾಗಿ ಹೋಲಿಕೆಯನ್ನು ವಿವರಿಸುವ ಗೋಜಿಲ್ಲ. ಆಟದ ಬಿಡುವಿನಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಅಡಿಕೋಲಿನ ಮೂರು ಏಟು ಬಿದ್ದದ್ದನ್ನು ಬರೆಯುತ್ತಾರೆ. ಕಾಲೇಜಿನಲ್ಲಿ ಉಚ್ಚಾರದಿಂದ ಮೆಕ್ಸಿಕನ್ ಛಾಯೆ ತೆಗೆಯಲೆಂದೇ ಚಿಕಾನೊ ವಿದ್ಯಾರ್ಥಿಗಳಿಗೆ ಎರಡು ಕೋರ್ಸು ಕಡ್ಡಾಯವಾಗಿದ್ದದ್ದನ್ನೂ ಬರೆಯುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್ ಮಾತಾಡದಿದ್ದರೆ ದಂಡ ಕಟ್ಟಿಸಿಕೊಳ್ಳುವ ನಮ್ಮ ಕಾನ್ವೆಂಟುಗಳ ಮಕ್ಕಳಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ.

ಆದರೆ ಅಧ್ಯಾಯದ ನಿಜವಾದ ಬಲ ಇರುವುದು ಈ ದೂರಿನಲ್ಲಲ್ಲ. ಬಿಳಿಯರು ಸ್ಪ್ಯಾನಿಷಿಗಾಗಿ ಹೊಡೆದರೆ, ಮೆಕ್ಸಿಕೋದ ಕಡೆಯವರು ಅದೇ ಸ್ಪ್ಯಾನಿಷ್ ಕೆಟ್ಟದ್ದೆಂದು ಹಂಗಿಸುತ್ತಾರೆ. ಇಂಗ್ಲಿಷ್ ಬೆರೆತ ಸ್ಪ್ಯಾನಿಷ್ ಆಡುವವರಿಗೆ ಪೋಚೊ ಎಂಬ ಬೈಗುಳವಿದೆ. ಪರಿಣಾಮವಾಗಿ ಇಬ್ಬರು ಚಿಕಾನೊ ಹೆಂಗಸರು ಭೇಟಿಯಾದರೆ, ಯಾರ ಸ್ಪ್ಯಾನಿಷ್ ಎಷ್ಟು ಶುದ್ಧ ಎಂಬ ಭಯಕ್ಕೆ ಇಂಗ್ಲಿಷಿನಲ್ಲೇ ಮಾತಾಡಿ ಮುಗಿಸುತ್ತಾರೆ. ಇಂಗ್ಲಿಷ್ ಇಲ್ಲಿ ಯಾರದ್ದೂ ಅಲ್ಲದ ಜಾಗ, ಅಲ್ಲಿ ಯಾರೂ ಯಾರನ್ನೂ ಅಳೆಯುವುದಿಲ್ಲ. ರೋಡ್ರಿಗೆಸ್ ಅವರ ಲೆಕ್ಕದಲ್ಲಿ ಆಪ್ತತೆಯ ಬೀಡಾದ ಸ್ಪ್ಯಾನಿಷ್ ಇಲ್ಲಿ ಪರೀಕ್ಷೆಯ ಕೊಠಡಿಯಾಗಿದೆ. ಅನ್ಸಾಲ್ದುವಾ ತಾವು ಆಡುವ ಭಾಷೆಗಳನ್ನು ಎಣಿಸುತ್ತಾರೆ, ಎಂಟು ಬರುತ್ತವೆ: ಶಿಷ್ಟ ಇಂಗ್ಲಿಷ್, ದುಡಿಯುವವರ ಇಂಗ್ಲಿಷ್, ಶಿಷ್ಟ ಸ್ಪ್ಯಾನಿಷ್, ಮೆಕ್ಸಿಕೋದ ಶಿಷ್ಟ ಸ್ಪ್ಯಾನಿಷ್, ಉತ್ತರ ಮೆಕ್ಸಿಕೋದ ಆಡುನುಡಿ, ಚಿಕಾನೊ ಸ್ಪ್ಯಾನಿಷ್, ಟೆಕ್ಸ್-ಮೆಕ್ಸ್, ಬೀದಿ ಹುಡುಗರ ಪಾಚೂಕೊ. ದ್ವಿಭಾಷಿಕ ಎಂಬ ಪದದಲ್ಲಿರುವ 'ದ್ವಿ' ಯಾರ ಲೆಕ್ಕ ಎಂದು ಕೇಳುವಂತಾಗುತ್ತದೆ.

ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ವ್ಯಾಕರಣದ ಒಂದು ವಿವರ. 'ತಂದೆನು' ಎನ್ನಲು ಶಿಷ್ಟ ಸ್ಪ್ಯಾನಿಷಿನಲ್ಲಿ ತ್ರಾಹೆ ಎನ್ನಬೇಕು. ಗಡಿಯ ಹಳ್ಳಿಗರು ತ್ರುಹೆ ಎನ್ನುತ್ತಾರೆ. ಆಯಾ ಎನ್ನಬೇಕಾದಲ್ಲಿ ಐಗಾ ಎನ್ನುತ್ತಾರೆ. ಶಾಲೆಯ ಮೇಷ್ಟರಿಗೆ ಇವು ತಪ್ಪು. ವಾಸ್ತವದಲ್ಲಿ ಇವು ಹದಿನಾರನೆಯ ಶತಮಾನದ ಸ್ಪೇನಿನಿಂದ ಹಡಗಿನಲ್ಲಿ ಬಂದ ಹಳೆಯ ರೂಪಗಳು. ಸ್ಪೇನಿನ ಶಿಷ್ಟರು ಬಿಟ್ಟದ್ದನ್ನು ದೂರದ ಹಳ್ಳಿಗಳು ಉಳಿಸಿಕೊಂಡಿವೆ. ಹವ್ಯಕರ 'ಬಪ್ಪ'ದಲ್ಲಿ ಹಳೆಗನ್ನಡದ 'ಬರ್ಪ' ಉಳಿದಂತೆ. ಪರಂಪರೆ ಎಂದು ನಾವು ಕರೆಯುವುದು ಹೀಗೆ ತಪ್ಪಿನ ವೇಷದಲ್ಲಿ ಇರಬಹುದು, ಅದನ್ನು ಆಡುವವರೇ ನಾಚಿಕೆಪಡುತ್ತಿರಬಹುದು.

ಅನ್ಸಾಲ್ದುವಾ ಅವರ ಪುಸ್ತಕದ ಎಲ್ಲ ಭಾಗವೂ ಇಷ್ಟೇ ಗಟ್ಟಿ ಎನ್ನಲಾರೆ. ಅಜ್ಟೆಕ್ ದೇವತೆಗಳನ್ನು ಕರೆತಂದು ಹೊಸ ಪ್ರಜ್ಞೆ ಕಟ್ಟುವ ಅಧ್ಯಾಯಗಳಲ್ಲಿ ಇತಿಹಾಸ ತೆಳುವಾಗಿ ಮಂತ್ರ ಹೆಚ್ಚಾಗುತ್ತದೆ. ಆದರೂ ಆ ಅಧ್ಯಾಯಗಳು ಎತ್ತುವ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಈ ಜನರಿಗೆ ಸ್ಪ್ಯಾನಿಷ್ ಪರಂಪರೆಯಾದದ್ದು ಹೇಗೆ? 1521ರಲ್ಲಿ ತೆನೊಚ್ತಿತ್ಲಾನ್ ನಗರ ಬಿದ್ದ ಮೇಲೆ ಬಂದ ಭಾಷೆ ಅದು. ಅದರ ಕೆಳಗೆ ನಾವಾತ್ಲ್ ಇದೆ, ಮೆಕ್ಸಿಕೋದಲ್ಲಿ ಇವತ್ತಿಗೂ 15 ಲಕ್ಷಕ್ಕಿಂತ ಹೆಚ್ಚು ಜನರ ಮಾತು. ನಾವು ಟೊಮ್ಯಾಟೊ, ಚಾಕೊಲೇಟ್ ಎನ್ನುವಾಗ ಆಡುತ್ತಿರುವುದು ಆ ಭಾಷೆಯಿಂದ ಬಂದ ಪದಗಳನ್ನೇ. ಒಂದು ಕಾಲದ ದಂಡಿನ ಭಾಷೆ ಇನ್ನೊಂದು ಕಾಲಕ್ಕೆ ಅಜ್ಜಿಯ ಭಾಷೆಯಾಗಿ ಮೃದುವಾಗಿದೆ.

ಅಜ್ಜಿಯ ವಿಷಯ ಬಂತು. ಸ್ಪ್ಯಾನಿಷನ್ನು ಮನೆಯೊಳಗೆ ಕೂಡಿಹಾಕಿದ್ದು ಅದರ ವಿರೋಧಿಗಳು ಮಾತ್ರವಲ್ಲ. ಅದನ್ನು ಕೊಂಡಾಡುವವರೂ ಅದೇ ಕೆಲಸ ಮಾಡುತ್ತಾರೆ, ಇನ್ನೂ ಪ್ರೀತಿಯಿಂದ. ಪರಂಪರೆಯ ಬಗ್ಗೆ ಅಮೆರಿಕದ ಪಠ್ಯಪುಸ್ತಕಗಳಿಗೆ ಒಗ್ಗುವ ಪದ್ಯವೊಂದರ ಅಚ್ಚು ಈಗ ತಯಾರಾಗಿದೆ: ಅಜ್ಜಿಯ ಕೈ, ರೊಟ್ಟಿಯ ಹಾಗಿರುವ ತೋರ್ತಿಯಾದ ವಾಸನೆ, ಒಂದೆರಡು ಓರೆ ಅಕ್ಷರದ ಸ್ಪ್ಯಾನಿಷ್ ಪದ, ಕೊನೆಯಲ್ಲಿ ನಾನು ಎರಡೂ ಹೌದು ಎಂಬ ನಿಟ್ಟುಸಿರು. ಇಲ್ಲಿ ಸ್ಪ್ಯಾನಿಷ್ ಯಾವತ್ತೂ ತೆರಿಗೆಯ ಬಗ್ಗೆ, ಬಾಡಿಗೆಯ ಬಗ್ಗೆ, ಚುನಾವಣೆಯ ಬಗ್ಗೆ ಮಾತಾಡುವುದಿಲ್ಲ. ಅದು ಹರಸುತ್ತದೆ, ಉಣಬಡಿಸುತ್ತದೆ, ಜೋಗುಳ ಹಾಡುತ್ತದೆ. ರೋಡ್ರಿಗೆಸ್ ಈ ಭಾಷೆಯನ್ನು ಅಡುಗೆಮನೆಯಲ್ಲಿ ಬಿಟ್ಟು ಹೊರಟರೆ ಇವರು ಅಡುಗೆಮನೆಗೆ ಹೂಮಾಲೆ ಹಾಕುತ್ತಾರೆ. ಬಾಗಿಲು ಎರಡೂ ಸಂದರ್ಭದಲ್ಲಿ ಮುಚ್ಚಿಯೇ ಇರುತ್ತದೆ. ಕನ್ನಡವನ್ನು ತಾಯಿಯೆಂದು ಹಾಡುತ್ತ ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬುವ ನಮಗೆ ಈ ಏರ್ಪಾಡು ಚೆನ್ನಾಗಿಯೇ ಗೊತ್ತು.

ಓರೆ ಅಕ್ಷರದ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಅನ್ಯಭಾಷೆಯ ಪದವನ್ನು ಓರೆಯಾಗಿ ಅಚ್ಚು ಹಾಕುವುದು ರೂಢಿ. ಡೊಮಿನಿಕನ್ ಮೂಲದ ಹುನೊ ದಿಯಾಸ್ ತಮ್ಮ ಕತೆ ಕಾದಂಬರಿಗಳಲ್ಲಿ ಅದನ್ನು ನಿರಾಕರಿಸಿದರು. 2007ರ 'ದಿ ಬ್ರೀಫ್ ವಂಡ್ರಸ್ ಲೈಫ್ ಆಫ್ ಆಸ್ಕರ್ ವಾವ್' ಕಾದಂಬರಿಯಲ್ಲಿ ಸ್ಪ್ಯಾನಿಷ್ ಪದಗಳು ನೆಟ್ಟಗೆ ನಿಂತಿವೆ, ಅರ್ಥದ ಪಟ್ಟಿ ಇಲ್ಲ. ಮುಂದಿನ ವರ್ಷ ಅದಕ್ಕೆ ಪುಲಿಟ್ಜರ್ ಬಂತು. ಸಣ್ಣ ಮುದ್ರಣದ ವಿಷಯ, ಆದರೆ ಓದುಗ ಯಾರು ಎಂಬ ಊಹೆ ಅದರಲ್ಲಿದೆ. ಓರೆ ಮಾಡಿದ ಪದ, ನಿನಗಿದು ಗೊತ್ತಿರಲಿಕ್ಕಿಲ್ಲ ಎಂದು ಓದುಗನಿಗೆ ಹೇಳುತ್ತದೆ. ಗೊತ್ತಿರುವ ಲಕ್ಷಾಂತರ ಓದುಗರು ಆಗ ತಮ್ಮದೇ ಪುಸ್ತಕದಲ್ಲಿ ಅತಿಥಿಗಳಾಗುತ್ತಾರೆ.

ಮುಚ್ಚಿದ ಬಾಗಿಲಿನ ಒಳಗೆ ಭಾಷೆಗೆ ಏನಾಗುತ್ತದೆ? ಅಮೆರಿಕದ ಲ್ಯಾಟಿನೊ ಯುವಜನರಲ್ಲಿ ಈಗ ಚಾಲ್ತಿಯಲ್ಲಿರುವ ಒಂದು ಹಂಗಿಸುವ ಪದ ಇದಕ್ಕೆ ಉತ್ತರ ಕೊಡುತ್ತದೆ: 'ನೊ ಸಾಬೊ' ಮಕ್ಕಳು. ಗೊತ್ತಿಲ್ಲ ಎನ್ನಲು ಸ್ಪ್ಯಾನಿಷಿನಲ್ಲಿ ನೊ ಸೆ ಎನ್ನಬೇಕು. ನಿಯಮದ ಪ್ರಕಾರ ಹೋದರೆ ನೊ ಸಾಬೊ ಆಗಬೇಕಿತ್ತು, ಆದರೆ ಆ ಕ್ರಿಯಾಪದ ನಿಯಮ ಮುರಿಯುತ್ತದೆ. ಸ್ಪ್ಯಾನಿಷ್ ಮನೆಮಾತಾದ ಎಲ್ಲ ಎಳೆಮಕ್ಕಳೂ ಒಂದು ಹಂತದಲ್ಲಿ ಸಾಬೊ ಅನ್ನುವವರೇ, ಆಮೇಲೆ ತಿದ್ದಿಕೊಳ್ಳುತ್ತಾರೆ. ಶಾಲೆಗೆ ಹೋದದ್ದೇ ಇಂಗ್ಲಿಷಿಗೆ ದಾಟಿದ ಮಗುವಿಗೆ ತಿದ್ದಿಕೊಳ್ಳುವ ಅವಕಾಶವೇ ಬರುವುದಿಲ್ಲ. ಅದರ ಇಂಗ್ಲಿಷಿಗೆ ಇಪ್ಪತ್ತೈದು ವರ್ಷವಾದರೂ ಸ್ಪ್ಯಾನಿಷಿಗೆ ಐದೇ ವರ್ಷ. ಅಮ್ಮನ ಬಳಿ ಹಸಿವು ಹೇಳಿಕೊಳ್ಳಲು ಬರುತ್ತದೆ, ಅಮ್ಮನೊಂದಿಗೆ ವಾದ ಮಾಡಲು ಬರುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸ್ಪ್ಯಾನಿಷ್ ಅಷ್ಟಾಗಿ ಬಾರದ ಲ್ಯಾಟಿನೊ ವಯಸ್ಕರ ಪೈಕಿ 54 ಶೇಕಡಾ ಮಂದಿ ಆ ಕಾರಣಕ್ಕೆ ತಮ್ಮವರಿಂದಲೇ ನೋವುಂಡದ್ದಾಗಿ ಹೇಳಿದ್ದಾರೆ. ಅದೇ ಸಮೀಕ್ಷೆಯಲ್ಲಿ ಲ್ಯಾಟಿನೊ ಎನ್ನಿಸಿಕೊಳ್ಳಲು ಸ್ಪ್ಯಾನಿಷ್ ಬರಲೇಬೇಕಿಲ್ಲ ಎಂದವರು 78 ಶೇಕಡಾ. ಎರಡು ಅಂಕಿಗಳೂ ಒಟ್ಟಿಗೇ ನಿಜ ಎಂಬುದೇ ಅಲ್ಲಿನ ಅವಸ್ಥೆ.

ಕಾನೂನಿನ ಕತೆಯೂ ಇದೇ ತೂಗುಯ್ಯಾಲೆ. 1968ರಲ್ಲಿ ದ್ವಿಭಾಷಾ ಶಿಕ್ಷಣಕ್ಕೆ ಒಕ್ಕೂಟ ಸರಕಾರದ ಕಾಯ್ದೆ ಬಂತು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ತಮ್ಮ ಶಾಲೆಗಳಲ್ಲಿ ಅದನ್ನು ಬಹುಮಟ್ಟಿಗೆ ನಿಲ್ಲಿಸಿದರು. 2016ರಲ್ಲಿ ಅದೇ ರಾಜ್ಯದ ಮತದಾರರು ಆ ನಿರ್ಬಂಧವನ್ನು ತೆಗೆದುಹಾಕಿದರು. ಈ ನಡುವೆ ಎರಡು ಭಾಷೆ ಬಲ್ಲವರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂದಿತ್ತು. ಇಂಗ್ಲಿಷ್ ಮನೆಮಾತಿನ ಮಕ್ಕಳು ಸ್ಪ್ಯಾನಿಷ್ ಕಲಿತರೆ ಅದು ಹೆಚ್ಚುವರಿ ಅರ್ಹತೆ. ಸ್ಪ್ಯಾನಿಷ್ ಮನೆಮಾತಿನ ಮಗು ಅದನ್ನು ತಂದರೆ ಮಾತ್ರ ಇನ್ನೂ ಇಂಗ್ಲಿಷ್ ಕಲಿಯದ ಕೊರತೆ.

ಕೊನೆಯದಾಗಿ ಸಾಂಡ್ರಾ ಸಿಸ್ನೆರೋಸ್. ಅವರು 1954ರಲ್ಲಿ ಶಿಕಾಗೊದಲ್ಲಿ ಹುಟ್ಟಿದವರು. ಅವರ 'ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್' (1984) ನಮ್ಮ ಹಲವು ಇಂಗ್ಲಿಷ್ ವಿಭಾಗಗಳಲ್ಲಿ ಪಾಠವಾಗುವ ಪುಸ್ತಕ. ಅದರಲ್ಲಿ ಗಂಡ ದುಡ್ಡು ಕೂಡಿಟ್ಟು ಕರೆಸಿಕೊಂಡ ದಪ್ಪನೆಯ ಹೆಂಗಸೊಬ್ಬಳು ಕಿಟಕಿಯ ಬಳಿ ಕೂತು ಊರನ್ನು ನೆನೆದು ಅಳುತ್ತಿರುತ್ತಾಳೆ, ಕೆಳಗೆ ಇಳಿಯುವುದಿಲ್ಲ. ಅವಳ ಕೂಸು ಮಾತು ಕಲಿಯುತ್ತದೆ. ಟಿವಿಯಲ್ಲಿ ಕೇಳಿದ ಪೆಪ್ಸಿ ಜಾಹೀರಾತನ್ನು ಇಂಗ್ಲಿಷಿನಲ್ಲಿ ಹಾಡುತ್ತದೆ. ಆ ಕತೆಯಲ್ಲಿ ಇಂಗ್ಲಿಷ್ ಶಾಲೆಯಿಂದ ಬಂದದ್ದಲ್ಲ, ಗೋಡೆಯೊಳಗಿಂದ ಬಂದದ್ದು. ಮಕ್ಕಳ ಭಾಷೆಯನ್ನು ಮನೆಯಲ್ಲಿ ಕಾಪಾಡಿದರೆ ಸಾಕು ಎನ್ನುವವರಿಗೆ ಸಿಸ್ನೆರೋಸ್ ಕೊಟ್ಟ ಕಹಿ ಉತ್ತರ ಅದು.

ಅವರ 2002ರ ಕಾದಂಬರಿ 'ಕರಮೇಲೊ' ಅಷ್ಟು ಓದಿಸಿಕೊಂಡಿಲ್ಲ. ದೊಡ್ಡ ಪುಸ್ತಕ, ಅಲ್ಲಲ್ಲಿ ಅತಿಯಾಗಿ ಮಾತಾಡುವ ಪುಸ್ತಕ ಕೂಡ. ಶಿಕಾಗೊದ ರೇಯೆಸ್ ಕುಟುಂಬ ಬೇಸಗೆಯಲ್ಲಿ ಕಾರುಗಳಲ್ಲಿ ತುಂಬಿಕೊಂಡು ಮೆಕ್ಸಿಕೋ ನಗರದ ಅಜ್ಜಿಯ ಮನೆಗೆ ಹೋಗುತ್ತದೆ. ಹೇಳುವವಳು ಸೆಲಾಯಾ, ಮನೆಯ ಕಿರಿಯ ಹುಡುಗಿ. ರೆಬೋಸೊ ಎಂಬ ನೇಯ್ದ ಶಾಲು ಇದರ ಕೇಂದ್ರದಲ್ಲಿದೆ. ಮುತ್ತಜ್ಜಿ ಅಂಚಿನ ಗಂಟುಗಳನ್ನು ಕಟ್ಟಿ ಮುಗಿಸುವ ಮೊದಲೇ ತೀರಿಕೊಂಡಿದ್ದಾಳೆ, ಅದನ್ನು ಮುಗಿಸಲು ಬೇರೆ ಯಾರಿಗೂ ಬರುವುದಿಲ್ಲ. ಪರಂಪರೆಗೆ ಸಂಕೇತ ಹುಡುಕುವ ವಿಮರ್ಶಕರು ಈ ಶಾಲನ್ನೇ ಹಿಡಿದು ಬರೆಯುತ್ತಾರೆ. ನನಗದು ತುಸು ಸಿದ್ಧಸಂಕೇತ ಅನ್ನಿಸುತ್ತದೆ, ವಸ್ತುಸಂಗ್ರಹಾಲಯಕ್ಕೆ ಹೇಳಿ ಮಾಡಿಸಿದಂತೆ.

ನನ್ನನ್ನು ಹಿಡಿದದ್ದು ಕಾದಂಬರಿಯ ಎರಡನೆಯ ಭಾಗ. ಅಲ್ಲಿ ಸೆಲಾಯಾ ಅಜ್ಜಿಯ ಯೌವನದ ಕತೆ ಹೇಳತೊಡಗುತ್ತಾಳೆ. ಮಕ್ಕಳು ಭಯಂಕರದ ಅಜ್ಜಿ ಎಂದು ಕರೆಯುತ್ತಿದ್ದ ಹೆಂಗಸು ಈಕೆ. ನಡುನಡುವೆ ದಪ್ಪಕ್ಷರದಲ್ಲಿ ಅಜ್ಜಿ ಬಾಯಿ ಹಾಕುತ್ತಾಳೆ: ಹಾಗಲ್ಲ ನಡೆದದ್ದು, ಅದನ್ನೆಲ್ಲ ಯಾಕೆ ಬರೆಯುತ್ತಿ, ಇದನ್ನು ಯಾಕೆ ಬಿಟ್ಟೆ ಎಂಬ ಧಾಟಿಯಲ್ಲಿ. ಮೊಮ್ಮಗಳೂ ಬಿಡುವುದಿಲ್ಲ, ಕತೆ ಹೇಳುತ್ತಿರುವುದು ನಾನು ಎಂದು ಎದುರು ನಿಲ್ಲುತ್ತಾಳೆ. ಈ ಅಜ್ಜಿ ಹರಸುವುದಿಲ್ಲ, ತಕರಾರು ತೆಗೆಯುತ್ತಾಳೆ. ಇಬ್ಬರ ಜಗಳ ನಡೆಯುವುದು ಇಂಗ್ಲಿಷಿನಲ್ಲಿ, ಆದರೆ ಸಿಸ್ನೆರೋಸ್ ಸ್ಪ್ಯಾನಿಷ್ ಉದ್ಗಾರಗಳನ್ನೂ ನುಡಿಗಟ್ಟುಗಳನ್ನೂ ಪದಕ್ಕೆ ಪದ ಇಳಿಸಿ ಆ ಇಂಗ್ಲಿಷನ್ನು ಬಗ್ಗಿಸಿದ್ದಾರೆ. 'ಕಾಂತಾಪುರ' ಓದಿದವರಿಗೆ ಈ ತಂತ್ರ ಹೊಸದಲ್ಲ. ಅಡಿಟಿಪ್ಪಣಿಗಳಲ್ಲಿ ಮೆಕ್ಸಿಕೋದ ಅಧ್ಯಕ್ಷರು, ಗಾಯಕರು, ನರ್ತಕಿಯರು, ಯುದ್ಧಗಳು ಬಂದುಹೋಗುತ್ತವೆ. ಮೇಲೆ ಮನೆಯ ಜಗಳ, ಕೆಳಗೆ ದೇಶದ ಇತಿಹಾಸ. ಎರಡರ ನಡುವಿನ ಗೆರೆಯನ್ನು ಅಜ್ಜಿ ಲೆಕ್ಕಿಸುವುದೇ ಇಲ್ಲ. ತನ್ನ ಪ್ರೇಮದ ಕತೆಯನ್ನು ಮೊಮ್ಮಗಳು ಸರಿಯಾಗಿ ಹೇಳುತ್ತಿದ್ದಾಳೋ ಇಲ್ಲವೋ ಎಂಬುದಷ್ಟೇ ಅವಳ ಚಿಂತೆ. ಅದು ಇತ್ಯರ್ಥವಾಗುವವರೆಗೆ ಅವಳು ಸುಮ್ಮನಾಗುವ ಹೆಂಗಸಲ್ಲ.